ರೂಟರಿಗೆ ಸಾಲು ಬರೆಯುವ ಸುಮಂಗಲಾ

ಬೆಳಗಿನ ಆರಕ್ಕೆ ಮಾನ್ವಿಯಲ್ಲಿ ಇನ್ನೊಬ್ಬರ ಮನೆಯ ಗೇಟು ಸದ್ದು ಮಾಡುವವರು ಮೂರೇ ಬಗೆಯವರು. ಹಾಲಿನವರು, ಪೇಪರಿನವರು, ಸಾವಿನ ಸುದ್ದಿ ತಂದವರು. ಮೊದಮೊದಲು ಸುಮಂಗಲಾ ಅವರು ಸ್ಕೂಟಿ ನಿಲ್ಲಿಸಿ ಗೇಟು ತೆಗೆದಾಗ, ಜನ ಅವರನ್ನು ಮೂರನೆಯ ಬಗೆಗೆ ಸೇರಿಸಿಕೊಂಡು ಎದೆ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರಂತೆ. ಈಗ ರೂಢಿಯಾಗಿದೆ. ಇವತ್ತು ಗುರುವಾರ, ಆರು ಗಂಟೆ ಐದು ನಿಮಿಷ. ಗೇಟಿನ ಸದ್ದು ಕೇಳಿದ ನೀಲಗಂಗಮ್ಮ ಒಳಗಿನಿಂದಲೇ, "ಇಂಟರ್ನೆಟ್ ಸುಮಂಗಲಾ ಬಂದ್ಲು, ಚಾ ಇಡು" ಎಂದು ಸೊಸೆಗೆ ಹೇಳುತ್ತಾರೆ.

ಸುಮಂಗಲಾ ಅವರ ಕೆಲಸಕ್ಕೆ ಊರಲ್ಲಿ ಸರಿಯಾದ ಹೆಸರಿಲ್ಲ. ಕಂಬ ಹತ್ತಿದರೆ ಲೈನ್‌ಮನ್ ಎನ್ನಬಹುದಿತ್ತು, ಅವರು ಕಂಬ ಹತ್ತುವುದಿಲ್ಲ. ಮನೆಗೆ ಬರುವ ಇಂಟರ್ನೆಟ್ಟೆಲ್ಲ ರೂಟರ್ ಎಂಬ ಪುಟ್ಟ ಡಬ್ಬಿಯ ಮೂಲಕವೇ ಹಾಯಬೇಕು. ಆ ಡಬ್ಬಿಗೆ ಯಾವ ಫೋನಿಗೆ ಏನು ಬಿಡಬೇಕು, ಎಷ್ಟು ಹೊತ್ತಿಗೆ ತಡೆಯಬೇಕು, ಹೊರಗಿನಿಂದ ನುಗ್ಗುವವರನ್ನು ಹೇಗೆ ನಿಲ್ಲಿಸಬೇಕು ಎಂದು ಒಂದೊಂದಾಗಿ ನಿಯಮ ಬರೆದು ಕೊಡುವುದು ಇವರ ದಿನದ ದುಡಿಮೆ. ಕಲಿತವರು ಇದನ್ನು ಪ್ಯಾಕೆಟ್ ಫಿಲ್ಟರಿಂಗ್ ಅನ್ನುತ್ತಾರೆ. ಸುಮಂಗಲಾ 'ಸಾಲು ಬರಿಯೂದು' ಅನ್ನುತ್ತಾರೆ, ಊರವರೂ ಈಗ ಹಾಗೇ ಅನ್ನುತ್ತಾರೆ.

ಅಲ್ಲಾ ತಾಯಿ, ಇದಕ್ಕೆ ನಸುಕಿನಲ್ಲೇ ಬರಬೇಕೇ ಎಂದು ಕೇಳಿದರೆ ಅವರ ಉತ್ತರ ಸಿದ್ಧವಿದೆ. "ಎಂಟರ ಮ್ಯಾಲ ಬಂದ್ರ ಮನ್ಯಾಗ ಬರೇ ಗ್ವಾಡಿ ಇರ್ತಾವ್ರಿ. ಒಂದು ಫೋನ್ ಅಂಗಡಿಗೆ ಹೋಗಿರ್ತದ, ಒಂದು ಕಾಲೇಜಿಗೆ, ಇನ್ನೊಂದು ಹೊಲಕ್ಕ. ಆರಕ್ಕ ಬಂದ್ರ ಎಲ್ಲಾ ಫೋನೂ ಒಂದ ಕಡಿ ಚಾರ್ಜಿಗೆ ಮಲಗಿರ್ತಾವ. ಎಣಿಸಾಕ ಸಲೀಸು."

ಈ ಮನೆಯಲ್ಲೂ ಫೋನುಗಳು ನಡುಮನೆಯ ಗೂಡಿನಲ್ಲಿ ಸಾಲಾಗಿ ಮಲಗಿವೆ. ಸುಮಂಗಲಾ ಬೆರಳು ಮಾಡಿ ಎಣಿಸುತ್ತಾರೆ. ಐದು. ಚೀಲದಿಂದ ತೆಗೆದ ನಾಲ್ಕು ತಿಂಗಳ ಹಿಂದಿನ ಕಾಗದದಲ್ಲಿ ನಾಲ್ಕೇ ಇವೆ. "ಒಂದು ಹೆಚ್ಚಾಗ್ಯದ" ಎನ್ನುತ್ತಾರೆ. ಮನೆಯ ಮಗ, ಗೊಬ್ಬರದ ಅಂಗಡಿಯ ಕೊಟ್ರೇಶ, ಹಲ್ಲುಜ್ಜುತ್ತಲೇ, "ಹೂಂ ರೀ, ಹೊಸಾದೊಂದು ತಂದೀವಿ" ಎಂದು ಹೇಳಿ ಬಚ್ಚಲಿಗೆ ಹೋಗುತ್ತಾರೆ. ಸೊಸೆ ಸುನಂದಾ ಚಹಾ ಹಿಡಿದು ನಿಂತಿದ್ದಾರೆ. ಅವರ ಮುಖ ನೋಡಿದರೆ ಮೂರು ದಿನದಿಂದ ನಿದ್ದೆ ಮಾಡಿದಂತಿಲ್ಲ.

ಕಾರಣವಿದೆ. ಮೂವತ್ತೆಂಟರ ಸುನಂದಾಗೆ ಇದು ಜೀವನದ ಮೊದಲ ನೌಕರಿ. ದೂರದ ಊರಿನ ಒಂದು ರಕ್ತ ಪರೀಕ್ಷೆ ಕಂಪನಿಗೆ ಬರುವ ಕನ್ನಡದ ಕರೆಗಳಿಗೆ ಮನೆಯಲ್ಲೇ ಕೂತು ಉತ್ತರ ಹೇಳುವ ಕೆಲಸ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ. ಕರೆ ಬರುವುದು ಇಂಟರ್ನೆಟ್ಟಿನ ಮೇಲೆ. ಮೂರು ವಾರದ ಪರೀಕ್ಷೆಯ ಅವಧಿ ಬರುವ ಶನಿವಾರ ಮುಗಿಯುತ್ತದೆ. ತೊಂದರೆ ಏನೆಂದರೆ, ಫೋನು ರಿಂಗಾಗುತ್ತದೆ, ಎತ್ತುತ್ತಾರೆ, "ನಮಸ್ಕಾರ್ರಿ" ಎನ್ನುತ್ತಾರೆ, ಆ ಕಡೆಯಿಂದ ಒಂದು ಉಸಿರೂ ಕೇಳಿಸುವುದಿಲ್ಲ. ಆ ಕಡೆಯವರಿಗೆ ಇವರದೂ ಕೇಳಿಸುವುದಿಲ್ಲ. ಎಲ್ಲ ಕರೆಯಲ್ಲೂ ಹಾಗಲ್ಲ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ. ಕಂಪನಿಯ ಲೆಕ್ಕದಲ್ಲಿ ಸುನಂದಾ ಕರೆ ಎತ್ತಿ ಬಾಯಿ ಬಿಡದ ಹೆಂಗಸು. ಶನಿವಾರದೊಳಗೆ ಇದು ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸೋಮವಾರವೇ ತಿಳಿಸಿದ್ದಾರೆ.

ಕಂಬದಿಂದ ಮನೆಯವರೆಗಿನ ವೈರು ಬದಲಾಗಿದೆ. ಕೊಟ್ರೇಶ ಹೊಸ ಹೆಡ್‌ಫೋನು ತಂದುಕೊಟ್ಟಿದ್ದಾರೆ. ನೀಲಗಂಗಮ್ಮ ರೂಟರಿಗೆ ಮೂರು ಗೆರೆ ವಿಭೂತಿ ಹಚ್ಚಿದ್ದಾರೆ. ಯಾವುದಕ್ಕೂ ಜಗ್ಗದ ಮೇಲೆ ಕೊನೆಗೆ ಸುಮಂಗಲಾ ಅವರನ್ನು ಕರೆಸಿದ್ದಾರೆ.

ಸುಮಂಗಲಾ ಹುಟ್ಟಿದ್ದು ಗಿಲ್ಲೆಸುಗೂರಿನಲ್ಲಿ. ತಂದೆ ತಾಯಣ್ಣ ರಾಯಚೂರಿನ ಮಾರುಕಟ್ಟೆಯಲ್ಲಿ ಹಮಾಲಿ, ತಾಯಿ ಪಾರ್ವತೆಮ್ಮ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದವರು. ಬಸ್ಸಿನಲ್ಲಿ ಓಡಾಡಿಕೊಂಡೇ ರಾಯಚೂರಿನಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿದರು. ತರಗತಿಯಲ್ಲಿ ಇಪ್ಪತ್ತಾರು ಹುಡುಗರು, ಇವರೊಬ್ಬರೇ ಹುಡುಗಿ. ಆಮೇಲೆ ಕೆಲಸ ಸಿಕ್ಕಿದ್ದು ಬುರ್ಹಾನುದ್ದೀನ್ ಸಾಹೇಬರ ಕೇಬಲ್ ಆಫೀಸಿನಲ್ಲಿ, ಅದೂ ದೂರು ಕೇಳುವ ಫೋನಿನ ಮುಂದೆ. ದಿನವಿಡೀ ಬೈಗುಳ ಕೇಳುವ ಕುರ್ಚಿ ಅದು. "ಬೈಸ್ಕೊಂಡ ಬೈಸ್ಕೊಂಡ ರೂಟರ್ ಕಲ್ತೀನ್ರಿ. ಆ ಕಡಿಯವರಿಗೆ ಡಬ್ಬಿ ಕಾಣ್ತದ, ನನಗ ಕಾಣಂಗಿಲ್ಲ. ಯಾವ ದೀಪ ಹತ್ತ್ಯದ, ಯಾವ ದೀಪ ಆರ್‍ಯದ ಅಂತ ಕೇಳಿ ಕೇಳಿ ಒಳಗಿಂದೆಲ್ಲಾ ತಿಳ್ಕೊಂಡೆ."

ಕೇಬಲ್ ಕಡಿಮೆಯಾಗಿ ಮನೆಮನೆಗೂ ಇಂಟರ್ನೆಟ್ ಹಬ್ಬಿದಾಗ ಸಾಹೇಬರಿಗೆ ಒಂದು ತಾಪತ್ರಯ ಎದುರಾಯಿತು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಹೆಂಗಸರೇ ಇರುತ್ತಾರೆ, ಗಂಡಾಳು ಹೋದರೆ ಬಾಗಿಲೇ ತೆಗೆಯುವುದಿಲ್ಲ. "ಅರೇ ಸುಮಂಗಲಾ, ನೀನ ಹೋಗಿ ಬಾ" ಎಂದರು. ಹಾಗೆ ಹೋದವರು ಒಂಬತ್ತು ವರ್ಷದಿಂದ ಹೋಗುತ್ತಲೇ ಇದ್ದಾರೆ. ಗಂಡ ಸಂಜೀವ ಮಾನ್ವಿಯ ಬಳಿಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬೆಳಗಿನ ಅಡುಗೆ ಅವರದು. ಹೆಂಡತಿ ಐದೂವರೆಗೆ ಮನೆ ಬಿಡುವಾಗ ಡಬ್ಬಿ ಕಟ್ಟಿ ಸ್ಕೂಟಿಯ ಕೊಕ್ಕೆಗೆ ಹಾಕುವವರೂ ಅವರೇ.

ಹೊಸ ಮನೆಗೆ ಹೋದಾಗ ಹೊಸ್ತಿಲಲ್ಲೇ ಒಂದು ಪ್ರಶ್ನೆ ಕಾದಿರುತ್ತದೆ. ಕೇಳುವವರು ಮೆಲ್ಲಗೆ, ನಗುನಗುತ್ತಲೇ ಕೇಳುತ್ತಾರೆ: "ನೀವು ಯಾರ ಪೈಕಿ?" ಅಂದರೆ ಜಾತಿ ಯಾವುದು ಎಂದು. ಸುಮಂಗಲಾ ಚೀಲ ಕೆಳಗಿಡುತ್ತಾ, "ರೂಟರ್ ಪೈಕಿ ರೀ, ಡಬ್ಬಿ ಎಲ್ಲಿ ಅದ ತೋರಸ್ರಿ" ಎನ್ನುತ್ತಾರೆ. ಎರಡನೆಯ ಸಲ ಕೇಳಿದವರು ಇಲ್ಲ. ಕೆಲವು ಮನೆಯಲ್ಲಿ ಚಹಾ ಬರುವುದಿಲ್ಲ, ಕೆಲವು ಮನೆಯಲ್ಲಿ ಬರುತ್ತದೆ. ಯಾವ ಮನೆ ಯಾವುದು ಎಂದು ಅವರು ಹೇಳುವುದಿಲ್ಲ.

ಇವತ್ತಿಗೆ ಅವರು ಸಾಲು ಬರೆದ ಮನೆಗಳು ಮುನ್ನೂರ ಹನ್ನೆರಡು. ರಾಯಚೂರು ನಗರದಲ್ಲಿ ನೂರಾ ಅರವತ್ತು, ಮಾನ್ವಿಯಲ್ಲಿ ತೊಂಬತ್ತು, ದೇವದುರ್ಗ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಅರವತ್ತೆರಡು. ಸೋಮವಾರ, ಮಂಗಳವಾರ ಮೊದಲ ಬಸ್ಸಿಗೆ ರಾಯಚೂರು, ಬುಧವಾರ ದೇವದುರ್ಗ, ಉಳಿದ ದಿನ ಮಾನ್ವಿ. ದಿನಕ್ಕೆ ನಾಲ್ಕೈದು ಮನೆ. ಒಂದು ಮನೆಗೆ ಸರಾಸರಿ ಒಂಬತ್ತು ಸಾಲು. ಅತಿ ಉದ್ದದ್ದು ದೇವದುರ್ಗದ ನಾಲ್ವರು ಅಣ್ಣತಮ್ಮಂದಿರ ಕೂಡುಮನೆ, ಹತ್ತೊಂಬತ್ತು ಫೋನು, ಇಪ್ಪತ್ತೇಳು ಸಾಲು. ಅತಿ ಚಿಕ್ಕದು ಹೊಳೆ ದಂಡೆಯ ಗೂಗಲ್ ಎಂಬ ಹಳ್ಳಿಯ ಒಂದು ಮನೆ, ಒಂದೇ ಸಾಲು. "ಹೊರಗಿನವ್ರು ಒಳಗ ಬರಬಾರ್ದು ಅಷ್ಟ ಬರಿಯವ್ವಾ, ಒಳಗಿನವ್ರು ಏನರೆ ಮಾಡ್ಕೊಳ್ಳಿ" ಎಂದರಂತೆ ಆ ಮನೆಯ ಯಜಮಾನರು. ಹೊಳೆ ದಂಡೆಯ ಮನೆಯವರು ಉದಾರಿಗಳು.

ತೊಂದರೆಗಳೂ ನೂರೆಂಟು. ಕರೆಂಟು ಹೋಗಿ ಬಂದರೆ ರೂಟರಿನ ಗಡಿಯಾರ ಐವತ್ತು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ, ಹೊರಗಿನಿಂದ ಸರಿಯಾದ ವೇಳೆ ಕೇಳಿ ತಿಳಿದುಕೊಳ್ಳುವವರೆಗೆ ಅದಕ್ಕೆ ಹಗಲಿಲ್ಲ ರಾತ್ರಿಯಿಲ್ಲ. ಬೇಸಿಗೆಯಲ್ಲಿ ತಗಡಿನ ಕೆಳಗಿಟ್ಟ ಡಬ್ಬಿ ಕೈಗೆ ಸುಡುತ್ತದೆ. ದೇವದುರ್ಗದಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಮನೆಯ ಗೇಟಿಗೆ ಹಾಕಿದ್ದ ಕ್ಯಾಮೆರಾ ಎಲ್ಲಿಂದ ಬೇಕಾದರೂ ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿತ್ತು. ಸುಮಂಗಲಾ ಒಂದು ಸಾಲು ಬರೆದು ಮುಚ್ಚಿದರು. ಇನ್ನು ನೆರೆಮನೆಯ ಕಾಟ ಬೇರೆ. "ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ್ರಿ ಅಂದ್ರ, ಮಜ್ಜಿಗಿ ಕೇಳಿದ್ರ ಇಲ್ಲ ಅನ್ನಾಕ ಬರ್ತದೇನವಾ, ಇದಕ್ಕ ಹ್ಯಾಂಗ ಇಲ್ಲ ಅನ್ನೂದು ಅಂತಾರ. ಅದೂ ಖರೇನ. ಅದಕ್ಕ ನೆರಿಮನಿಗೂ ಒಂದು ಸಾಲು ಬರೀತೀನಿ. ಸಂಜಿ ಆರರಿಂದ ಎಂಟು. ಮಜ್ಜಿಗಿ ಕೊಟ್ಟಂಗೂ ಆತು, ಗಡಿಗಿ ಉಳಿದಂಗೂ ಆತು."

ಇವರ ಕೆಲಸದ ರೀತಿ ಬೇರೆ ಯಾರಲ್ಲೂ ಕಾಣುವುದಿಲ್ಲ. ಸಾಲುಗಳನ್ನು ಮೊದಲು ಕನ್ನಡದಲ್ಲಿ ಕಾಗದದ ಮೇಲೆ ಬರೆಯುತ್ತಾರೆ. ಆಮೇಲೆ ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದುತ್ತಾರೆ. ಯಾರ ಹೆಸರಿನ ಸಾಲು ಬಂತೋ ಅವರು ಎಲ್ಲರ ಎದುರಿಗೆ "ಹೂಂ" ಅನ್ನಬೇಕು. ಹೂಂ ಅನ್ನದ ಸಾಲು ರೂಟರಿಗೆ ಹೋಗುವುದಿಲ್ಲ. ಕಾಗದ ಕ್ಯಾಲೆಂಡರಿನ ಹಿಂದೆ ಅಂಟುತ್ತದೆ.

"ರೂಟರ್ ಮನಿ ಕಾಯೋ ಆಳು ಇದ್ದಂಗ ರೀ" ಎಂದು ಅವರು ವಿವರಿಸುತ್ತಾರೆ. "ಒಳಗ ಹೊರಗ ಹೋಗೋದೆಲ್ಲಾ ಸಣ್ಣ ಸಣ್ಣ ಚೀಟಿ. ಪ್ರತಿ ಚೀಟಿ ಮ್ಯಾಲ ಯಾರಿಂದ, ಯಾರಿಗೆ ಅಂತ ಬರ್ದಿರ್ತದ. ಆಳು ಅದನ್ನ ಹಿಡ್ಕೊಂಡು ನನ್ನ ಕಾಗದ ಮ್ಯಾಲಿಂದ ಓದಾಕ ಶುರು ಮಾಡ್ತಾನ. ಎಲ್ಲಿ ಹೊಂದ್ತದೋ ಅಲ್ಲಿ ನಿಂತು, ಬಿಡು ಅಂದಿದ್ರ ಬಿಡ್ತಾನ, ಬ್ಯಾಡ ಅಂದಿದ್ರ ಹರಿದು ಒಗೀತಾನ. ಮುಂದಿನ ಸಾಲು ಓದಂಗಿಲ್ಲ. ಅದಕ್ಕ ಯಾವ ಸಾಲು ಮ್ಯಾಲ, ಯಾವುದು ಕೆಳಗ ಅನ್ನೂದ ದೊಡ್ಡ ಮಾತು."

ಚೀಟಿಯ ಒಳಗೇನಿದೆ ಎಂದು ಅವರು ನೋಡುವುದಿಲ್ಲ, ನೋಡಿಕೊಡಿ ಎಂದವರಿಗೆ ಒಪ್ಪುವುದೂ ಇಲ್ಲ. ಹೆಂಡತಿ ಯಾರ ಜೊತೆ ಮಾತಾಡುತ್ತಾಳೆ ತಿಳಿಯಬೇಕು ಎಂದು ರಾಯಚೂರಿನಲ್ಲಿ ಒಬ್ಬ ದೊಡ್ಡ ಮನುಷ್ಯ ಗುಟ್ಟಾಗಿ ಕೇಳಿದ್ದರು. ಸುಮಂಗಲಾ ಆ ಮಾತನ್ನೂ ಒಂದು ಸಾಲಾಗಿ ಕಾಗದದಲ್ಲಿ ಬರೆದುಕೊಂಡು, ಎಲ್ಲರೂ ಸೇರಿದ ಮೇಲೆ ಓದಲು ಬಾಯಿ ತೆರೆದರು. ದೊಡ್ಡ ಮನುಷ್ಯರಿಗೆ ಕೆಮ್ಮು ಬಂದು, ಆ ಸಾಲು ಬೇಡವೆಂದು ಕೈಸನ್ನೆ ಮಾಡಿದರು.

ಈಗ ಮತ್ತೆ ಸುನಂದಾ ಅವರ ಮನೆಗೆ ಬರೋಣ. ಈ ಮನೆಯ ಕಾಗದದಲ್ಲಿ ಊರಿಗೇ ಹೆಸರಾದ ಒಂದು ಸಾಲಿದೆ. ಯಜಮಾನ ಮಹಾಂತಯ್ಯನವರಿಗೆ ಎಪ್ಪತ್ನಾಲ್ಕು. ಅಕ್ಕಿ ಗಿರಣಿಯಲ್ಲಿ ನಲವತ್ತು ವರ್ಷ ಮೇಲ್ವಿಚಾರಕರಾಗಿ ದುಡಿದವರು. ಕೆಲಸ ಬಿಟ್ಟ ಮೇಲೆ ಫೋನಿನ ಕೇರಂ ಹಿಡಿಯಿತು. ಎಲ್ಲೆಲ್ಲಿಯವರ ಜೊತೆಗೋ ಆಟ, ಆಡುತ್ತಲೇ ಮಾತು. ಸ್ನಾನ ಮರೆತರು, ಮಾತ್ರೆ ಮರೆತರು, ಊಟಕ್ಕೆ ಕರೆದರೆ "ಒಂದು ರಾಣಿ ಉಳದದ ತಡಿ" ಎನ್ನತೊಡಗಿದರು. ಕೊನೆಗೆ ತಾವೇ ಸುಮಂಗಲಾ ಅವರಿಗೆ ಹೇಳಿ ಕಳಿಸಿದರು. "ಯವ್ವಾ, ನನ್ನ ಕೈಲೆ ನನ್ನ ತಡಿಯಾಕ ಆಗವಲ್ದು. ಹತ್ತರಿಂದ ಒಂದರ ತನಕ ನನಗ ಬೀಗ ಹಾಕು." ತನಗೆ ತಾನೇ ಬೀಗ ಕೇಳಿದ ಗಿರಾಕಿ ಮುನ್ನೂರ ಹನ್ನೆರಡು ಮನೆಯಲ್ಲಿ ಇವರೊಬ್ಬರೇ.

ಆ ಕೇರಂ ಆಟ ದಿನಕ್ಕೊಂದು ವಿಳಾಸ ಬದಲಿಸುತ್ತಿತ್ತು. ವಿಳಾಸ ನೋಡಿ ತಡೆದರೆ ನಿಲ್ಲುತ್ತಿರಲಿಲ್ಲ. ಆದ್ದರಿಂದ ಸುಮಂಗಲಾ ಚೀಟಿಯ ಜಾತಕ ನೋಡಿ ತಡೆದರು. ಚೀಟಿಗಳಲ್ಲಿ ಎರಡು ಬಗೆ. ಒಂದು ಬಗೆ ಮುಟ್ಟಿತೋ ಇಲ್ಲವೋ ಎಂದು ಪ್ರತಿ ಸಲ ವಿಚಾರಿಸಿಕೊಳ್ಳುತ್ತದೆ. ಇನ್ನೊಂದು ಬಗೆ ಏನೂ ಕೇಳದೆ ಓಡುತ್ತಲೇ ಇರುತ್ತದೆ. ಆ ಓಡುವ ಬಗೆಯನ್ನು ಅಜ್ಜನ ಫೋನಿಗೆ ಹತ್ತರಿಂದ ಒಂದರವರೆಗೆ ಪೂರ್ತಿ ಬಂದ್ ಮಾಡಿದರು. ಕೇರಂ ನಿಂತಿತು. ಅಯ್ಯನವರು ಮಾತ್ರ ದಿನವೂ ಹನ್ನೊಂದಕ್ಕೆ ಕದ್ದು ಫೋನು ಮಾಡಿ, "ಒಂದ ಅರ್ಧಾ ತಾಸು ಬಿಡು ತಂಗಿ" ಎಂದು ಗೋಗರೆಯುತ್ತಿದ್ದರು. "ಫೋನ್ ಮ್ಯಾಲ ಸಾಲು ತಿದ್ದಂಗಿಲ್ರೀ ಅಜ್ಜಾರ, ಎಲ್ಲಾರೂ ಕುಂತಾಗ ಕೇಳ್ರಿ" ಎಂದು ಇವರು ನಕ್ಕು ಇಟ್ಟುಬಿಡುತ್ತಿದ್ದರು. ಎರಡು ವಾರದಿಂದ ಆ ಫೋನು ಬಂದಿಲ್ಲ. ಅಜ್ಜನಿಗೆ ರೂಢಿಯಾಯಿತು ಎಂದುಕೊಂಡು ಸುಮಂಗಲಾ ಖುಷಿಪಟ್ಟಿದ್ದರು.

ಇವತ್ತು ಲ್ಯಾಪ್‌ಟಾಪ್ ತೆರೆದು ರೂಟರಿನ ಒಳಗೆ ನೋಡುತ್ತಾರೆ. ಹಳೆಯ ನಾಲ್ಕು ಫೋನುಗಳ ಪಕ್ಕ ಅವರೇ ಬರೆದ ಹೆಸರುಗಳಿವೆ: ಅಜ್ಜ, ಅಮ್ಮ, ಕೊಟ್ರೇಶ, ಮೊಮ್ಮಗಳು ಕಾವ್ಯಾ. ಐದನೆಯದಕ್ಕೆ ಹೆಸರಿಲ್ಲ. ಇದೇ ಹೊಸದು, ನೌಕರಿಗೆಂದು ಸುನಂದಾಗೆ ತಂದದ್ದು ಎಂದುಕೊಳ್ಳುತ್ತಾರೆ. ಹೊಸದನ್ನು ಯಾರಿಗೆ ಅಗತ್ಯವೋ ಅವರಿಗೇ ಕೊಟ್ಟಿರುತ್ತಾರೆ ಅಲ್ಲವೇ! ಅದರ ಮೇಲೆ ಯಾವ ಸಾಲೂ ಇಲ್ಲ, ಯಾವ ಚೀಟಿಯೂ ಹರಿದು ಹೋಗುತ್ತಿಲ್ಲ. ಅರ್ಧ ತಾಸು ಹುಡುಕಿದರೂ ತಪ್ಪು ಸಿಗುವುದಿಲ್ಲ.

"ಯಾವಾಗಿಂದ ಯಾವಾಗ ಸದ್ದು ಹೋಗ್ತದ್ರಿ ಅಕ್ಕಾರ?" ಎಂದು ಸುನಂದಾಗೆ ಕೇಳುತ್ತಾರೆ.

"ಒಂಬತ್ತಕ್ಕ ಛಲೋ ಇರ್ತದ್ರಿ. ಆಮ್ಯಾಲ ಹೋಗ್ತದ. ಊಟದ ಹೊತ್ತಿಗೆ ಮತ್ತ ಬರ್ತದ. ಆ ಹೊತ್ತಿನ್ಯಾಗ ಎಲ್ಲಾರೂ ನೆಟ್ ಹಚ್ಚತಾರ, ಅದಕ್ಕ ಅಂತಾರ ಇವ್ರು."

ಆಫೀಸಿನಿಂದ ಬುರ್ಹಾನುದ್ದೀನ್ ಸಾಹೇಬರ ಫೋನು ಬರುತ್ತದೆ. "ಪೂರಾ ಅಳಿಸಿಬಿಡು ಸುಮಂಗಲಾ, ಹೊಸಾದ್ರಂಗ ಮಾಡು, ಖೇಲ್ ಖತಂ." ಅಳಿಸಿದರೆ ಹತ್ತು ನಿಮಿಷದ ಕೆಲಸ. ಸುಮಂಗಲಾ ಒಪ್ಪುವುದಿಲ್ಲ. "ಅಳಿಸಿದ್ರ ಬ್ಯಾನಿ ಹೋಗ್ತದ ಸಾಬ್, ಯಾಕ ಬಂದಿತ್ತು ಅಂತ ತಿಳಿಯಂಗಿಲ್ಲ. ನಾಳಿ ಮತ್ತೊಂದು ಮನ್ಯಾಗ ಬರ್ತದ." ಫೋನು ಇಟ್ಟು, ಮನೆಯವರನ್ನು ಕರೆದು ಕೂರಿಸಿ, ಹಳೆಯ ಕಾಗದವನ್ನೇ ಮತ್ತೆ ಮೇಲಿನಿಂದ ಓದಲು ಶುರು ಮಾಡುತ್ತಾರೆ.

"ಕಾವ್ಯಾನ ಫೋನು. ರಾತ್ರಿ ಹತ್ತರ ಮ್ಯಾಲ ವಿಡಿಯೋ ಇಲ್ಲ." ಪಿಯುಸಿ ಓದುವ ಕಾವ್ಯಾ ಆಕಳಿಸುತ್ತಲೇ ಹೂಂ ಅನ್ನುತ್ತಾಳೆ.

"ಟಿವಿ. ಎಂಟರಿಂದ ಎಂಟೂವರಿ, ಊಟದ ಹೊತ್ತು, ಬಂದ್." ನೀಲಗಂಗಮ್ಮ ಇಷ್ಟವಿಲ್ಲದ ಒಂದು ಹೂಂ ಕೊಡುತ್ತಾರೆ.

"ಅಜ್ಜಾರ ಫೋನು. ಹತ್ತರಿಂದ ಒಂದು, ಓಡೋ ಚೀಟಿ ಇಲ್ಲ, ಕೇರಂ ಇಲ್ಲ."

ಹೂಂ ಬರುವುದಿಲ್ಲ. ಮಹಾಂತಯ್ಯನವರು ಪಂಚೆಯ ಅಂಚು ನೋಡುತ್ತಾ ಕೂತಿದ್ದಾರೆ. "ಹೂಂ ಅನ್ರಲ್ಲ, ಬಾಯಾಗ ಏನ್ ಇಟ್ಕೊಂಡೀರಿ?" ಎಂದು ನೀಲಗಂಗಮ್ಮ ತಿವಿಯುತ್ತಾರೆ.

"ಆ ಫೋನ್ ಈಗ ನನ್ನ ಕಡಿ ಇಲ್ಲವಾ" ಎನ್ನುತ್ತಾರೆ ಅಯ್ಯನವರು, ನೆಲದ ಕಡೆಗೇ. "ಕೊಟ್ರೇಶ ಹೊಸಾದು ತಾನು ಇಟ್ಕೊಂಡು ತನ್ನ ಹಳೀದು ನನಗ ಕೊಟ್ಟ. ನಂದು ಸೊಸಿಗಿ ಹೋತು. ಬೀಗ ನನ್ನ ಹಳೀ ಫೋನಿನ್ಯಾಗ ಉಳೀತು. ನನಗ ಗೊತ್ತಾತು. ಆಡಾಕ ಸಿಕ್ತದಲ್ಲ ಅಂತ ಬಾಯಿ ಮುಚ್ಕೊಂಡು ಕುಂತೆ."

ಸುನಂದಾ ಕೈಯಲ್ಲಿ ಹಿಡಿದ ಫೋನನ್ನು ತಿರುಗಿಸಿ ನೋಡುತ್ತಾರೆ. ಸಿಮ್ ಮಾತ್ರ ಅವರದು, ಹಿಂದೆ ಮಾವನವರು ಅಂಟಿಸಿದ ಗಿರಣಿಯ ಚೀಟಿ ಇನ್ನೂ ಹಾಗೇ ಇದೆ. ಈ ಮನೆಯಲ್ಲಷ್ಟೇ ಅಲ್ಲ, ಈ ಕಡೆಯ ಮನೆಮನೆಯಲ್ಲೂ ಹೊಸ ಫೋನು ಹಾಗೇ ಇಳಿಯುತ್ತದೆ. ಮೊದಲು ದುಡಿಯುವ ಗಂಡಸಿಗೆ, ಅವನದು ಹಿರಿಯರಿಗೆ, ಹಿರಿಯರದು ಕೊನೆಗೆ ಸೊಸೆಗೆ. ನೌಕರಿ ಸುನಂದಾಗೆ ಸಿಕ್ಕಿತು, ಹೊಸ ಫೋನು ಕೊಟ್ರೇಶನಿಗೆ ಬಂತು. ಮಾವನ ಬೀಗವೂ ಫೋನಿನ ಜೊತೆಗೇ ಸೊಸೆಯ ಕೊರಳಿಗೆ ಬಿತ್ತು. ಕರೆಯ ರಿಂಗು ವಿಚಾರಿಸುವ ಬಗೆಯ ಚೀಟಿಯಲ್ಲಿ ಬರುತ್ತದೆ, ಆದ್ದರಿಂದ ಬಂತು. ಮಾತು ಬರುವುದು ಓಡುವ ಚೀಟಿಯಲ್ಲಿ. ಕೇರಂ ತಡೆದ ಸಾಲೇ ಮಾತನ್ನೂ ತಡೆದಿತ್ತು.

"ತಪ್ಪು ನಂದ್ರಿ" ಎನ್ನುತ್ತಾರೆ ಸುಮಂಗಲಾ. "ಸಾಲು ಮನುಷ್ಯಾರಿಗೆ ಬರ್ದೀನಿ ಅನ್ಕೊಂಡಿದ್ದೆ, ಬರ್ದಿದ್ದು ಫೋನಿಗೆ. ಹೊಸಾದು ನಿಮ್ದ ಇರಬೇಕು ಅಂತ ಅನ್ಕೊಂಡೆ. ಯಾವ್ದು ಯಾರದು ಅಂತ ಕೇಳಬೇಕಿತ್ತು."

ಕೊಟ್ರೇಶರ ಮುಖ ಸಣ್ಣಗಾಗಿದೆ. ಜೇಬಿನಿಂದ ಹೊಸ ಫೋನು ತೆಗೆದು ಹೆಂಡತಿಯ ಮುಂದೆ ಹಿಡಿಯುತ್ತಾರೆ. ಸುನಂದಾ ತೆಗೆದುಕೊಳ್ಳುವುದಿಲ್ಲ. ಇಷ್ಟು ಹೊತ್ತು ಗೋಡೆಗೆ ಆನಿಕೊಂಡು ನಿಂತಿದ್ದವರು ಈಗ ಬಂದು ಎಲ್ಲರ ಜೊತೆ ಕೂರುತ್ತಾರೆ.

"ಫೋನ್ ನನಗ ಇದ ಸಾಕ್ರಿ. ಆ ಕಾಗದದಾಗ ಎಲ್ಲಾರದೂ ಒಂದೊಂದು ಸಾಲು ಅದ, ಟಿವಿದೂ ಅದ, ನೆರಿಮನೀದೂ ಅದ. ನಂದು ಇಲ್ಲ. ನನಗೊಂದು ಸಾಲು ಬರೀರಿ."

ಸುಮಂಗಲಾ ಕಾಗದವನ್ನು ಇನ್ನೊಮ್ಮೆ ನೋಡುತ್ತಾರೆ. ಹೌದು, ಇಲ್ಲ. ನಾಲ್ಕು ತಿಂಗಳ ಹಿಂದೆ ಸುನಂದಾ ಬಳಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಅದಕ್ಕೆ ಇಂಟರ್ನೆಟ್ ಬೇಡ, ಅದಕ್ಕೇ ಸಾಲಿಲ್ಲ. ಅವತ್ತು ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ, ಸುಮಂಗಲಾ ಅವರಿಗೂ ಅನ್ನಿಸಿರಲಿಲ್ಲ. ಅವರು ಹಳೆಯ ಕಾಗದವನ್ನು ಮಡಿಚಿಟ್ಟು ಹೊಸದನ್ನು ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ ಬರೆಯುತ್ತಾರೆ: "ಸುನಂದಾ. ಒಂಬತ್ತರಿಂದ ಎರಡು. ಎಲ್ಲಾ ಬಿಡಬೇಕು." ಆಮೇಲೆ ಉಳಿದವರದು. ಮಹಾಂತಯ್ಯನವರು ಕೇಳುವ ಮೊದಲೇ, "ನಂದೂ ಹಾಕವಾ, ಈಗ ನನ್ನ ಕಡಿ ಇರೋ ಫೋನಿಗೆ. ಈ ಸಲ ಒಂದಲ್ಲ, ಎರಡರ ತನಕ" ಎಂದು ಎರಡು ಸಲ ಹೂಂ ಅನ್ನುತ್ತಾರೆ.

ರೂಟರಿಗೆ ಸಾಲು ಏರಿಸಿದ್ದು ಏಳೂವರೆಗೆ. ಆದರೆ ಸರಿಯಾಯಿತೋ ಇಲ್ಲವೋ ತಿಳಿಯಲು ಹತ್ತು ಗಂಟೆಯೇ ಆಗಬೇಕು. ಸುಮಂಗಲಾ ಅದೇ ಓಣಿಯ ಇನ್ನೊಂದು ಮನೆಯ ಕೆಲಸ ಮುಗಿಸಿ ಹತ್ತಕ್ಕೆ ಹತ್ತು ನಿಮಿಷವಿರುವಾಗ ವಾಪಸು ಬರುತ್ತಾರೆ. ಅಂಗಡಿಗೆ ಹೋಗಬೇಕಾದ ಕೊಟ್ರೇಶ ಹೋಗಿಲ್ಲ. ಮಹಾಂತಯ್ಯನವರು ಫೋನನ್ನು ಬೋರಲು ಹಾಕಿ ಕಟ್ಟೆಯ ಮೇಲೆ ಕೂತಿದ್ದಾರೆ. ನೀಲಗಂಗಮ್ಮ ಒಂದೇ ಹಿಡಿ ಅಕ್ಕಿಯನ್ನು ಮೂರನೆಯ ಸಲ ಆರಿಸುತ್ತಿದ್ದಾರೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿದೆ.

ಹತ್ತಾಗುತ್ತದೆ. ಹತ್ತೂ ನಾಲ್ಕಕ್ಕೆ ಫೋನು ರಿಂಗಾಗುತ್ತದೆ.

"ನಮಸ್ಕಾರ್ರಿ" ಎನ್ನುತ್ತಾರೆ ಸುನಂದಾ. ಆಮೇಲೆ ಸುಮ್ಮನಾಗುತ್ತಾರೆ. ಇದೇ ಮೌನವನ್ನು ಹೊರಗೆ ಕೂತವರು ಎರಡು ವಾರದಿಂದ ಕೇಳಿದ್ದಾರೆ. ಅಯ್ಯನವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಇಲ್ರೀ ಯಜಮಾನ್ರ" ಎಂದು ಒಳಗಿನಿಂದ ಕೇಳುತ್ತದೆ. "ಚಾ ಕುಡದ್ರ ನಡಿಯಂಗಿಲ್ರಿ. ಒಂದ ಕಪ್ ಆದ್ರೂ ಚಾ ಚಾನ. ಇವತ್ತು ಹೊಟ್ಟಿ ತುಂಬ ಊಟ ಮಾಡ್ರಿ, ನಾಳಿ ಮುಂಜಾನಿ ಬರೇ ಹೊಟ್ಟೀಲೆ ಬರ್ರಿ. ಹಾಂ, ನೀರು ಕುಡೀಬಹುದು."

ಆ ಕಡೆಯ ಯಜಮಾನರಿಗೆ ಇನ್ನೂ ಅನುಮಾನ ಉಳಿದಿರಬೇಕು, ಮಾತು ಆರು ನಿಮಿಷ ನಡೆಯುತ್ತದೆ. ಸಕ್ಕರೆ ಇಲ್ಲದ ಚಹಾ ನಡೆಯುತ್ತದೆಯೇ ಎನ್ನುವವರೆಗೂ ಹೋಗಿರಬೇಕು, ಸುನಂದಾ ಜೋರಾಗಿ ನಗುತ್ತಾರೆ. ಹೊರಗೆ ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸುಮಂಗಲಾ ಅವರ ಕೈಗೆ ಇವತ್ತಿನ ಮೂರನೆಯ ಚಹಾ ಕೊಡುತ್ತಾರೆ.

ಆ ದಿನದ ದೂರಿನ ಚೀಟಿಯಲ್ಲಿ 'ಕಾರಣ' ಎಂಬ ಕಾಲಂ ಇದೆ. ಗಿರಾಕಿ ಫೋನು ಬದಲಿಸಿದ್ದು ಎಂದು ಬರೆದು ಮುಗಿಸಬಹುದಿತ್ತು, ಸಾಹೇಬರೂ ಹಾಗೇ ಬರೆಯಲು ಹೇಳಿದರು. ಸುಮಂಗಲಾ, 'ಸಾಲು ಬರೆದವಳು ಕೇಳಲಿಲ್ಲ' ಎಂದು ಬರೆದು ಸಹಿ ಹಾಕಿದ್ದಾರೆ. ಅಂದಿನಿಂದ ಪ್ರತಿ ಕಾಗದದ ಅಡಿಯಲ್ಲೂ ಅವರ ಹೆಸರಿರುತ್ತದೆ. ಸುನಂದಾ ಅವರ ಕಂಪನಿಯಿಂದ ಶನಿವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಸಂದೇಶ ಬಂತು, ಮುಂದುವರಿಯಿರಿ ಎಂದು. ಅದನ್ನು ಮೊದಲು ಓದಿ ಓಣಿಗೆಲ್ಲ ಸಾರಿದವರು ಮಹಾಂತಯ್ಯನವರು. ಅಷ್ಟರಲ್ಲಿ ಅವರ ಬೀಗವೂ ತೆರೆದಿತ್ತು, ಆದರೂ ಸಂಜೆಯವರೆಗೆ ಕೇರಂ ಮುಟ್ಟಲಿಲ್ಲ.

ಸುಮಂಗಲಾ ಈಗ 'ಇದು ಯಾರ ಕೈಯಲ್ಲಿದೆ' ಎಂದು ಒಂದೊಂದು ಫೋನನ್ನೂ ಎತ್ತಿ ತೋರಿಸಿ ಕೇಳಿಕೊಂಡು, ಬಿಡುವಾದಾಗಲೆಲ್ಲ ಹಳೆಯ ಮನೆಗಳಿಗೆ ಮತ್ತೆ ಹೋಗುತ್ತಿದ್ದಾರೆ. ಐವತ್ತೊಂದು ಮನೆ ಮುಗಿದಿವೆ. ಹದಿನಾಲ್ಕರಲ್ಲಿ ಫೋನುಗಳು ಕೈ ಬದಲಾಗಿದ್ದವು. ಸೊಸೆಯ ಹೆಸರಿನ ಸಾಲು ಇಲ್ಲದ ಮನೆಗಳು ಮೂವತ್ತಕ್ಕಿಂತ ಹೆಚ್ಚು. ಇನ್ನೂ ಇನ್ನೂರಾ ಅರವತ್ತೊಂದು ಬಾಕಿ. ಆಸೆ ಏನು ಎಂದು ಕೇಳಿದರೆ ಅವನ್ನು ಮಳೆಗಾಲದೊಳಗೆ ಮುಗಿಸಬೇಕು ಎನ್ನುತ್ತಾರೆ. ಸ್ವಂತ ಮನೆಯ ರೂಟರಿಗೆ ಎಷ್ಟು ಸಾಲು ಬರೆದಿದ್ದೀರಿ ಎಂದರೆ ನಾಚಿಕೊಳ್ಳುತ್ತಾರೆ. ಒಂದೂ ಇಲ್ಲ, ಪುರುಸೊತ್ತು ಸಿಕ್ಕಿಲ್ಲ.

ಅದೇ ಓಣಿಯ ಇನ್ನೊಂದು ಹಳೆಯ ಮನೆ ಮುಗಿಸಿ ಸ್ಕೂಟಿಗೆ ಕೀಲಿ ಹಾಕಿದವರು ಒಂದು ಕ್ಷಣ ತಡೆದು, ಮಹಾಂತಯ್ಯನವರ ಮನೆಯ ಕಡೆ ತಿರುಗಿ ನೋಡುತ್ತಾರೆ.

"ಮೊದಲನೇ ಸಾಲು ಹೊಂದಿತಂದ್ರ ರೂಟರ್ ಮುಂದ ಓದಂಗಿಲ್ಲ ರೀ. ಆ ಮನ್ಯಾಗ ಈಗ ಮೊದಲನೇ ಸಾಲು ಸೊಸೀದು. ನಾನ ಬರ್ದೀನಿ."